ಹಾಡು ಶುರುವಾಗುವ ಮುಂಚೆ

"ಕಂಪ್ಯೂಟರ್ ಇಷ್ಟು ಜಲ್ದಿ ಚಾಲೂ ಆಗೂದು ಯಾಕ ಬೇಕ್ರೀ ನಿಮಗ? ಗೇಮ್ ಆಡ್ತೀರೇನು?" ಎಂದು ಸಿಂದಗಿಯ ಕಂಪ್ಯೂಟರ್ ಅಂಗಡಿಯವರು ಕೇಳಿದರು. ನನ್ನ ನರೆತ ಮೀಸೆ ನೋಡಿಯೂ ಹಾಗೆ ಕೇಳಿದ್ದಕ್ಕೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಹಾಡು ಕೇಳಲಿಕ್ಕೆ ಎಂದೆ. "ಹಾಡಿಗೆ ಇಷ್ಟೆಲ್ಲಾ ಬೇಕಾಗಂಗಿಲ್ರಿ" ಎಂದರು. ಬೇಕಾಗಿತ್ತು. ನನ್ನ ಹೆಂಡತಿಗೆ ಮತ್ತೆ ನಿದ್ದೆ ಹತ್ತುವುದರೊಳಗೆ ಹಾಡು ಶುರುವಾಗಬೇಕಿತ್ತು. ಅದನ್ನು ಅಂಗಡಿಯಲ್ಲಿ ನಿಂತು ಹೇಳಲು ಆಗಲಿಲ್ಲ.

ಆಕೆ ಮೋರಟಗಿಯಲ್ಲಿ ಟೀಚರ್ ಆಗಿದ್ದಳು. ನಾನು ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ದಿನವಿಡೀ ಕೂಗಿ ಮನೆಗೆ ಬಂದರೆ ಬಾಯಿ ತೆರೆಯಲು ಬೇಸರವಾಗುತ್ತಿತ್ತು. "ಊರಿಗೆಲ್ಲಾ ಮಾತು, ಮನಿಗೆ ಮೌನ" ಎಂದು ಆಕೆ ಚುಚ್ಚುತ್ತಿದ್ದಳು. ಚುಚ್ಚಿ, ಹಾಡು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ತತ್ವಪದ, ವಚನ, ಬೀಸುವ ಪದ, ಹಿಂದೂಸ್ತಾನಿ, ಎಲ್ಲದರ ಕ್ಯಾಸೆಟ್ಟುಗಳೂ ಆಕೆಯ ಹತ್ತಿರ ಇದ್ದವು. ಅವು ಹಾಳಾಗತೊಡಗಿದಾಗ ನಾನೇ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದೆ. ಅದಕ್ಕೆ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಜೋಡಿಸಿ ಪಡಸಾಲೆಯಲ್ಲಿ ಇಟ್ಟೆವು. ನಮ್ಮ ಮನೆಯಲ್ಲಿ ಟಿವಿಗಿಂತ ಅದಕ್ಕೇ ಹೆಚ್ಚು ಮರ್ಯಾದೆ.

ಆಮೇಲೆ ಆಕೆಗೆ ಕ್ಯಾನ್ಸರ್ ಬಂತು. ವಿಜಯಪುರಕ್ಕೆ ಹೋದೆವು, ಸೊಲ್ಲಾಪುರಕ್ಕೆ ಹೋದೆವು. ಕಡೆಗೆ ಸೊಲ್ಲಾಪುರದ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಹೂವಿನ ಹಿಪ್ಪರಗಿಯಿಂದ ಆಕೆಯ ಅಕ್ಕ ಬಂದು ನಮ್ಮಲ್ಲೇ ಉಳಿದರು. ಪಡಸಾಲೆಯಲ್ಲೇ ಮಂಚ ಹಾಕಿದೆವು. ಔಷಧಿ ಕೊಟ್ಟರೆ ನಿದ್ದೆ, ಅದರ ಬಲ ಇಳಿದರೆ ನೋವು. ಇವೆರಡರ ನಡುವೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಆಕೆ ಮೊದಲಿನ ಹಾಗೆ ಇರುತ್ತಿದ್ದಳು. ಆಗ "ಹಾಡ ಹಚ್ರಿ" ಎನ್ನುತ್ತಿದ್ದಳು.

ನಾನು ಓಡಿ ಸ್ವಿಚ್ ಒತ್ತುತ್ತಿದ್ದೆ. ಹಳೆಯ ಹಾರ್ಡ್ ಡಿಸ್ಕು ಗುರುಗುಟ್ಟುತ್ತಿತ್ತು. ಪರದೆ ಕಪ್ಪಾಗುತ್ತಿತ್ತು, ನೀಲಿಯಾಗುತ್ತಿತ್ತು, ಮತ್ತೆ ಕಪ್ಪಾಗುತ್ತಿತ್ತು. ಆಕೆಗೆ ನಿದ್ದೆ ಹತ್ತದಿರಲಿ ಎಂದು ನಾನು ಬಾಯಿಗೆ ಬಂದದ್ದು ಹೇಳುತ್ತಾ, ನಡುನಡುವೆ ಕಂಪ್ಯೂಟರಿಗೆ ಬೈಯುತ್ತಾ ಕೂರುತ್ತಿದ್ದೆ. ಒಮ್ಮೆ ಸಿಟ್ಟಿನಲ್ಲಿ "ನಿನ್ನ ಹೆಣಾ ಎತ್ಲಿ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಆಕೆ ಕೆಮ್ಮು ಬರುವಷ್ಟು ನಕ್ಕಳು. "ಪಾಳಿ ಪ್ರಕಾರ ಆಗ್ಲಿ ಬಿಡ್ರಿ. ಮೊದಲ ನಂದು, ಆಮ್ಯಾಲ ಅದರದು" ಎಂದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಹಾಡಿನ ಪಟ್ಟಿ ತೆರೆಯುವ ಹೊತ್ತಿಗೆ ಆಕೆಯ ಕಣ್ಣು ಮುಚ್ಚಿದ್ದವು. ಬಹಳ ದಿನ ಹೀಗೇ ಆಯಿತು.

ಮೊಬೈಲಿನಲ್ಲಿ ಹಚ್ಚಬಹುದಿತ್ತಲ್ಲ ಎನ್ನಬೇಡಿ. ಹಚ್ಚಿದೆ, ಸ್ಪೀಕರಿಗೂ ಜೋಡಿಸಿದೆ. ಆಲಾಪದ ನಡುವೆ ಡಿಪೋದಿಂದ ಫೋನ್ ಬಂದು ಆಕೆ ಬೆಚ್ಚಿಬಿದ್ದಳು. ಕಂಪ್ಯೂಟರನ್ನು ಚಾಲೂ ಇಟ್ಟೇ ಬಿಡೋಣ ಎಂದರೆ ಅದರ ಗೊರಗೊರ ಸದ್ದಿಗೆ ಆಕೆಯ ನಿದ್ದೆ ಕೆಡುತ್ತಿತ್ತು. ಮೇಲೆ ನಮ್ಮೂರ ಕರೆಂಟು ಬೇರೆ. ಆಗ ಡಿಪೋದ ಕ್ಲರ್ಕ್ ಒಬ್ಬ ಉಪಾಯ ಹೇಳಿದ. ಕಂಪ್ಯೂಟರನ್ನು ಎಬ್ಬಿಸುವ ಸಿಸ್ಟಮ್ಮನ್ನು ಹಳೆ ಡಿಸ್ಕಿನಿಂದ ತೆಗೆದು, ತಿರುಗುವ ಭಾಗವೇ ಇಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಗೆ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಏಳುತ್ತದೆ ಎಂದ.

ಒಂದು ತಂದು ಹಾಕಿದರೆ ಆಗುತ್ತಿತ್ತು. ಆದರೆ ನಾನು ಒಂದು ಗಡಿಗೆ ಕೊಳ್ಳಲು ಕುಂಬಾರ ಓಣಿಯ ಗಡಿಗೆಯನ್ನೆಲ್ಲ ಬಾರಿಸಿ ನೋಡುವ ಪೈಕಿ. ಸಿಂದಗಿಯಲ್ಲಿ ಕೇಳಿದೆ, ಬಸ್ಸು ಹತ್ತಿ ಇಂಡಿಗೆ ಹೋಗಿ ಕೇಳಿದೆ. ಪಟ್ಟಿಯಂಥ ತೆಳ್ಳನೆಯ ಎಸ್‌ಎಸ್‌ಡಿ ಬಹಳ ಜೋರು ಎಂದರು, ಆದರೆ ನಮ್ಮ ಹಳೆ ಬೋರ್ಡಿನಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇರಲಿಲ್ಲ. ಚಪ್ಪಟೆ ಡಬ್ಬಿಯಂಥದ್ದು ಕೂರುತ್ತಿತ್ತು. ಅದರಲ್ಲೂ ಎರಡು ಜಾತಿ, ತನ್ನದೇ ಪುಟ್ಟ ಮೆಮೊರಿ ಇದ್ದದ್ದು ಒಂದು, ಇಲ್ಲದ್ದು ಇನ್ನೊಂದು. ಇಲ್ಲದ್ದು ತುಂಬುತ್ತಾ ಬಂದಂತೆ ನಿಧಾನವಾಗುತ್ತದಂತೆ. ಇನ್ನು ದೊಡ್ಡದು ಕೊಳ್ಳಬೇಕೋ ಸಣ್ಣದೋ? ಹಾಡುಗಳೆಲ್ಲ ಹಳೆ ಡಿಸ್ಕಿನಲ್ಲೇ ಇರಲಿ, ಸಿಸ್ಟಮ್ಮು ಮತ್ತು ಹಾಡಿನ ಪಟ್ಟಿ ಮಾತ್ರ ಹೊಸದರಲ್ಲಿ ಇರಲಿ ಎಂದು ನಾನೇ ಲೆಕ್ಕ ಹಾಕಿದೆ. ಆ ಪಟ್ಟಿಯನ್ನು ಓದುವುದರಲ್ಲೇ ಕಂಪ್ಯೂಟರಿಗೆ ಅರ್ಧ ಹೊತ್ತು ಹೋಗುತ್ತಿತ್ತು. ಅಷ್ಟಕ್ಕೆ ಸಣ್ಣದೇ ಸಾಕು.

"ಇದನ್ನ ತಗೋರಿ, ಐದು ವರ್ಷ ಗ್ಯಾರಂಟಿ ಐತಿ" ಎಂದು ಇಂಡಿಯವರು ಒಂದನ್ನು ಮುಂದಿಟ್ಟರು. ನಾನು ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡೆ. ಐದು ವರ್ಷ. ಮುಂದಿನ ಅಮಾವಾಸ್ಯೆಯ ಮಾತನ್ನೇ ಯಾರೂ ಎತ್ತದ ಮನೆ ನಮ್ಮದು. ಕೊಳ್ಳದೆ ವಾಪಸ್ ಬಂದೆ.

ಅಷ್ಟು ದಿನ ಯಾಕೆ ಅಲೆದೆ ಎಂದು ಈಗ ಗೊತ್ತಾಗುತ್ತದೆ. ಸೊಲ್ಲಾಪುರದ ಡಾಕ್ಟರು ನನಗೆ ಆರಿಸಿಕೊಳ್ಳಲು ಏನನ್ನೂ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಇದೋ ಅದೋ ಎಂದು ಆರಿಸಬಹುದಿತ್ತು. ಅಲ್ಲಿ ನಿಂತಷ್ಟು ಹೊತ್ತು ನನ್ನ ಕೈಯಲ್ಲಿ ಏನೋ ಇದೆ ಅನ್ನಿಸುತ್ತಿತ್ತು. ಒಂದು ದಿನ ಅಕ್ಕನೇ ಗದರಿದರು: "ಆಕಿ ಇರೂದರಾಗ ತರ್ತೀರೋ ಇಲ್ಲೋ?" ಅವತ್ತೇ ಸಿಂದಗಿಯ ಅಂಗಡಿಗೆ ಹೋಗಿ, ಮೆಮೊರಿ ಇದ್ದ ಸಣ್ಣದೊಂದನ್ನು ತಂದು ಕೂರಿಸಿದೆ. ಕೆಲಸಕ್ಕೂ ರಜೆ ಹಾಕಿದೆ.

ಮರುದಿನ ಮಧ್ಯಾಹ್ನ ಆಕೆ ಕಣ್ಣು ತೆರೆದು "ಹಾಡ ಹಚ್ರಿ" ಎಂದಳು. ಸ್ವಿಚ್ ಒತ್ತಿ ಕುರ್ಚಿ ಎಳೆದುಕೊಳ್ಳುವುದರೊಳಗೆ ಪಟ್ಟಿ ಬಂದಿತ್ತು. ಗುರ್ ಎನ್ನುವ ಸದ್ದು ಎಷ್ಟೋ ಕಡಿಮೆಯಾಗಿತ್ತು, ನೀಲಿ ಪರದೆಯೂ ಬರಲಿಲ್ಲ. ತಂಬೂರಿ ತುಂಬಿ ಬಂತು. ಆಕೆ ಇಡೀ ಹಾಡು ಕೇಳಿದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೆದ್ದವನ ಹಾಗೆ ಕೈಕಟ್ಟಿ ಕೂತು ನಾನೂ ಕೇಳಿದೆ. ಮಾರನೆಯ ದಿನವೂ ಹಾಗೇ ಆಯಿತು.

ಅದರ ಮರುದಿನ ಹಾಡು ಶುರುವಾಗಿ ಎರಡು ಸಾಲು ಆಗಿರಬೇಕು, ಆಕೆ ಕೈ ಎತ್ತಿದಳು.

"ಬಂದ್ ಮಾಡ್ರಿ."

"ಯಾಕ, ಬ್ಯಾರೆ ಹಚ್ಚಲೇನು?"

"ಬ್ಯಾಡ್ರಿ. ಹಾಡು ಭಾಳ ಕೇಳೀನಿ. ಮೊದಲ ಇದು ಶುರು ಆಗೂತನಕ ನೀವು ಮಾತಾಡ್ತಿದ್ರಿ. ಈಗ ಒತ್ತಿದ ಕೂಡ್ಲೆ ಹಾಡತೈತಿ, ನೀವು ಸುಮ್ಮ ಕುಂದರ್ತೀರಿ."

"ನಾ ಎಲ್ಲಿ ಮಾತಾಡ್ತಿದ್ದೆ? ಈ ಡಬ್ಬಿಗೆ ಬೈತಿದ್ದೆ."

"ಬೈರಿ ಮತ್ತ. ಅದನ್ನರ ಕೇಳ್ತೇನಿ."

ನನಗೆ ಅಳು ಬಂತು. ಊರೂರಿನ ಹೆಸರು ಕೂಗಿ ಗಂಟಲು ಹರಿದುಕೊಂಡವನು ನಾನು, ಈಕೆಗೆ ಬೇಕಾದದ್ದು ಇದೊಂದೇ ಗಂಟಲು. ಅಳುವುದನ್ನು ಆಕೆ ನೋಡಬಾರದೆಂದು ಕಂಪ್ಯೂಟರ್ ಬಂದ್ ಮಾಡುವ ನೆಪದಲ್ಲಿ ತಿರುಗಿ ಕೂತೆ. ಆಮೇಲೆ ಹೇಳತೊಡಗಿದೆ. ದೇವರ ಹಿಪ್ಪರಗಿ ಬಸ್ಸಿಗೆ ಸಂತೆಯ ಜನ ಮುತ್ತಿದ್ದರು. ಒಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ಅದೇ ಸೀಟಿಗೆ ಆ ಕಡೆಯ ಕಿಟಕಿಯಿಂದ ಒಬ್ಬ ಹೆಂಗಸು ಕೂಸಿನ ತಲೆಯ ಮೇಲಿನ ಕುಂಚಿಗೆ ಬಿಚ್ಚಿ ಎಸೆದಳು.

"ಇದು ಯಾವಾಗಿನ ಸುದ್ದಿ?" ಎಂದಳು ಆಕೆ.

"ಇವತ್ತ ಮುಂಜಾನಿದು."

"ರಜಾ ಹಾಕಿ ಮನ್ಯಾಗ ಕುಂತೀರಿ. ಬಸ್ ಸ್ಟ್ಯಾಂಡಿಗೆ ಯಾವಾಗ ಹೋಗಿದ್ರಿ?" ಎಂದು ನಕ್ಕಳು. "ಇರ್ಲಿ, ಸುಳ್ಳ ಹೇಳ್ರಿ. ಆಮ್ಯಾಲ?"

ಅಂದಿನಿಂದ ಕಂಪ್ಯೂಟರ್ ಹಚ್ಚಲಿಲ್ಲ. ಆಕೆ ಕಣ್ಣು ತೆರೆದಾಗಲೆಲ್ಲ ನಾನು ಒಂದೊಂದು ಬಸ್ಸು ಬಿಡುತ್ತಿದ್ದೆ. ಮುದ್ದೇಬಿಹಾಳದ ಬಸ್ಸಿನಲ್ಲಿ ಗಂಡು ನೋಡಲು ಹೊರಟವರು ಬಾಗೇವಾಡಿಯಲ್ಲಿ ಇಳಿದುಬಿಟ್ಟರು. ಇಂಡಿಯ ಬಸ್ಸಿನಲ್ಲಿ ಒಬ್ಬ ಮುದುಕಿ ತನ್ನ ಕೋಳಿಗೂ ಸೀಟು ಬೇಕೆಂದು ಹಟ ಹಿಡಿದಳು. ನಾನು ತಡವರಿಸಿದರೆ ಆಕೆ "ಆಮ್ಯಾಲ?" ಎನ್ನುತ್ತಿದ್ದಳು. ಬರಬರುತ್ತಾ ಆ ದನಿ ಸಣ್ಣದಾಯಿತು. ನಾನು ಬಾಗಿ, ತುಟಿ ನೋಡಿ ತಿಳಿದುಕೊಳ್ಳತೊಡಗಿದೆ.

ಒಂದು ಬೆಳಿಗ್ಗೆ ಕಲಬುರಗಿ ಬಸ್ಸು ಹೊರಡಿಸುತ್ತಿದ್ದೆ. ಡ್ರೈವರು ಚಹಾಕ್ಕೆ ಹೋದವನು ತಿರುಗಿ ಬಂದಿಲ್ಲ, ಜನ ಕೂಗುತ್ತಿದ್ದಾರೆ, ನಾನು ಮೈಕಿನಲ್ಲಿ ಅವನ ಮಾನ ಹರಾಜು ಹಾಕುತ್ತಿದ್ದೇನೆ. ಆಕೆ ಆಮ್ಯಾಲ ಎನ್ನಲಿಲ್ಲ. ತುಟಿಯೂ ಅಲುಗಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ. ಡ್ರೈವರನ್ನು ಕರೆತಂದೆ, ಜಗಳ ಹಚ್ಚಿದೆ, ಜಗಳ ಬಿಡಿಸಿದೆ, ಬಸ್ಸು ಬಿಟ್ಟೆ. ದಾರಿಯ ಒಂದೊಂದೇ ಊರು ದಾಟಿಸಿದೆ. ಯಾರೋ ಹತ್ತಿದರು, ಯಾರೋ ಇಳಿದರು.

ಅಕ್ಕ ಬಂದು ಭುಜದ ಮೇಲೆ ಕೈ ಇಟ್ಟರು. "ಸಾಕ್ರಿ" ಎಂದರು. "ಆಕಿ ಹ್ವಾದಳು."

"ಇನ್ನೂ ಊರು ಮುಟ್ಟಿಲ್ರಿ ಅಕ್ಕಾರ" ಎಂದು ಹೇಳಿ, ನಾನು ಮುಂದಿನ ಊರಿನ ಹೆಸರು ಕೂಗಿದೆ.