ದೊಡ್ಡಪ್ಪ ಮುಟ್ಟದ ಸಿಗರೇಟು

ನಮ್ಮ ದೊಡ್ಡಪ್ಪನಂಥ ಹಟಮಾರಿ ಕುರುಗೋಡಿನಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಆ ಹಟವನ್ನು ನಾನು ಬೈದದ್ದೇ ಹೆಚ್ಚು. ಸಿರುಗುಪ್ಪದಲ್ಲಿ ಒಂದು ದಿನ ಮಾತ್ರ ಮನಸಾರೆ ಮೆಚ್ಚಿದೆ.

ಮೀಸೆ ಚಿಗುರಿದಾಗಿನಿಂದ ಸಿಗರೇಟು ಸೇದಿದ ಮನುಷ್ಯ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿದಾಗ ಬಳ್ಳಾರಿಗೆ ಕರೆದೊಯ್ದೆವು. ಡಾಕ್ಟರು ಮುಲಾಜಿಲ್ಲದೆ ಹೇಳಿದರು: ಹೊಗೆಯಿಂದ ಶ್ವಾಸಕೋಶ ಹಾಳಾಗಿದೆ, ಹಾಳಾದದ್ದು ಮರಳಿ ಬರುವುದಿಲ್ಲ, ಈಗಲೇ ಬಿಟ್ಟರೆ ಉಳಿದದ್ದಾದರೂ ಉಳಿದೀತು. ದೊಡ್ಡಪ್ಪ ಆಸ್ಪತ್ರೆಯ ಗೇಟಿನಲ್ಲೇ ಪ್ಯಾಕು ಎಸೆದ. ನಾಯಿ ಬಾಲ ನೆಟ್ಟಗಾಗುವುದುಂಟೆ ಎಂದುಕೊಂಡೆ. ಆಮೇಲೆ ನಿದ್ದೆಯಿಲ್ಲ, ಮಾತೆತ್ತಿದರೆ ಸಿಡಿಮಿಡಿ, ಬಾಯಲ್ಲಿ ಸದಾ ಸೋಂಪು. ಆದರೂ ಮತ್ತೆ ಮುಟ್ಟಲಿಲ್ಲ.

ಆಗಲೇ ಅಕ್ಕನಿಗೆ, ಅಂದರೆ ಅವನ ಒಬ್ಬಳೇ ಮಗಳಿಗೆ, ಸಿರುಗುಪ್ಪದ ಸಂಬಂಧ ಬಂತು. ಅಕ್ಕನಿಗೆ ಹುಡುಗ ಬಹಳ ಹಿಡಿಸಿದ್ದ. ಅವರ ಮನೆ ನೋಡಲು ಹೊರಟಾಗ ದೊಡ್ಡಮ್ಮ ಬಸ್ಸಿನಲ್ಲೇ ಗಂಡನಿಗೆ ತಾಕೀತು ಮಾಡಿದಳು: "ಏನ್ರೀ, ರೋಗದ ಮಾತು ಎತ್ತಬ್ಯಾಡ್ರಿ. ಸಿಗರೇಟು ಕೊಟ್ರ ಸುಮ್ನ ಕೈಯಾಗ ಹಿಡ್ಕೊಳ್ರಿ. ಮಗಳ ಬಾಳಿನ ಪ್ರಶ್ನಿ ಐತಿ."

ನಮ್ಮ ಕಡೆ ಊಟವಾದ ಮೇಲೆ ಹಿರಿಯರ ಮುಂದೆ ಎಲೆ-ಅಡಿಕೆಯ ತಟ್ಟೆ ಇಡುತ್ತಾರೆ, ಬದಿಗೆ ಬೀಡಿ, ಸಿಗರೇಟು. ಬೇಡವೆಂದರೆ ಸಂಬಂಧವೇ ಬೇಡವೆಂದಂತೆ ಮುಖ ಗಂಟಿಕ್ಕುವವರಿದ್ದಾರೆ. ಹುಡುಗನ ಅಪ್ಪ ತಾವೇ ಒಂದು ಸಿಗರೇಟು ತೆಗೆದು, "ತಗೋರಿ ಬೀಗ್ರ," ಎಂದು ಕಡ್ಡಿ ಗೀರಿದರು.

ದೊಡ್ಡಪ್ಪ ಕೈ ಮುಗಿದ. "ಬ್ಯಾಡ್ರಿ. ಸೇದಿ ಸೇದಿ ಎದಿ ಕೆಡಿಸ್ಕೊಂಡೀನಿ. ನಾಲ್ಕು ಮೆಟ್ಲು ಹತ್ತಿದ್ರ ಉಸಿರು ಸಾಲಂಗಿಲ್ಲ. ಮುಚ್ಚಿಟ್ಟು ಹೆಣ್ಣು ಕೊಡೋದು ನನ್ನಿಂದ ಆಗಂಗಿಲ್ರಿ. ಇನ್ನ ನಿಮ್ಮಿಷ್ಟ."

ಅಯ್ಯೋ ಶಿವನೇ! ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸಂಬಂಧ ಮುರಿಯಿತೆಂದೇ ನಾನು ಅಂದುಕೊಂಡೆ. ಆದರೂ, ಸುಳ್ಳೇಕೆ ಹೇಳಲಿ, ಅವನ ಮುಖ ನೋಡಿ ಹೆಮ್ಮೆಯಿಂದ ಕಣ್ಣು ತುಂಬಿತು. ಎಲ್ಲರೂ ಮುಚ್ಚಿಡುವ ಮಾತನ್ನು ಎದೆ ತಟ್ಟಿ ಹೇಳಿದ್ದ ನಮ್ಮ ದೊಡ್ಡಪ್ಪ.

ಹುಡುಗನ ಅಪ್ಪ ಕಡ್ಡಿ ಆರಿಸಿದರು. ಹೆಂಡತಿ ಅಡುಗೆಮನೆಯಲ್ಲೇ ಇದ್ದಾರೋ ಎಂದು ತಿರುಗಿ ನೋಡಿ, ದನಿ ತಗ್ಗಿಸಿದರು.

"ಬಿಟ್ಟಿದ್ದು ಹೆಂಗ್ರಿ? ನನಗೂ ಕೆಮ್ಮು ನಿಂತಿಲ್ಲ. ಮೊನ್ನಿ ರಕ್ತ ಬಂತು. ಮನ್ಯಾಗ ಯಾರಿಗೂ ಹೇಳಿಲ್ಲ."

ದೊಡ್ಡಪ್ಪ ಅವರ ಕೈ ಹಿಡಿದುಕೊಂಡ. "ತಡ ಮಾಡಬ್ಯಾಡ್ರಿ. ಬಳ್ಳಾರಿಗೆ ನಾನ ಕರ್ಕೊಂಡು ಹೋಗ್ತೀನಿ."

ಅಂದು ಲಗ್ನದ ದಿನಕ್ಕಿಂತ ಮೊದಲು ನಿಶ್ಚಯವಾದದ್ದು, ಬೀಗರಿಬ್ಬರೂ ಡಾಕ್ಟರ ಬಳಿ ಹೋಗುವ ದಿನ.