ಬಾಳೇಶ ಕಾರಿಗೆ ಫಿಲಂ ಹೊದಿಸಿದ್ದು

ನಮ್ಮ ಪಕ್ಕದ ಮನೆಯ ಬಾಳೇಶನಿಗೆ ಹೊಸ ವಸ್ತುವಿನ ಪ್ಲಾಸ್ಟಿಕ್ ಕೀಳುವುದೆಂದರೆ ಜೀವಕ್ಕೆ ಬಂದಷ್ಟು ಸಂಕಟ. ಅವನ ಮನೆಯ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೊಂದು ಹಳೇ ಚಾದರ. ದಾಂಡೇಲಿಯ ಕಾಗದ ಮಿಲ್ಲಿನಲ್ಲಿ ನಾವಿಬ್ಬರೂ ಕೂಡಿ ದುಡಿದವರು. ನಾನು ಬಾಯ್ಲರ್ ಕಡೆ. ಅವನು ತಯಾರಾದ ಹಾಳೆಯನ್ನು ಪರೀಕ್ಷಿಸಿ, ಸುತ್ತಿ, ಕಟ್ಟುವ ಕಡೆ. ಜೀವಮಾನವಿಡೀ ಸುತ್ತಿ ಕಟ್ಟಿದವನಿಗೆ ಬಿಚ್ಚುವುದು ಹೇಗೆ ಗೊತ್ತಿರಬೇಕು ಎಂದು ಮುಖಕ್ಕೇ ಬೈದಿದ್ದೇನೆ. ಅವನು ನಕ್ಕು, ಒಳಗಡೆ ಚಹಾ ಹೇಳುತ್ತಾನೆ. ಹಾಗಾಗಿ ಅವನ ಮೇಲೆ ನನ್ನ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ.

ಮಿಲ್ಲಿನಿಂದ ನಿವೃತ್ತನಾದ ಮೇಲೆ ಬಾಳೇಶ ಕಾರು ಕೊಂಡ. ಕೆಂಪು ಬಣ್ಣ ಆರಿಸಿದವಳು ಅವನ ಹೆಂಡತಿ ಸತ್ತೆವ್ವ. ಆರಿಸಿ ಸುಮ್ಮನೆ ಕೂರಲಿಲ್ಲ; ಡ್ರೈವಿಂಗ್ ಸ್ಕೂಲಿನ ಲಡಕಾಸಿ ಕಾರಿನಲ್ಲಿ ಗಾಡಿ ಓಡಿಸುವುದನ್ನು ಕಲಿತಳು. ಲೈಸೆನ್ಸು ಕೈಗೆ ಬಂದ ದಿನ ಕಾಲೊನಿಗೆಲ್ಲ ಪೇಢೆ ಹಂಚಿದಳು. ಅಂದೇ ಮುಂಡಗೋಡದ ಟಿಬೆಟನ್ ಕಾಲೊನಿಯ ಪಕ್ಕ ಗೋವಿನಜೋಳ ಬೆಳೆಯುವ ಅಕ್ಕ ಶಿವಗಂಗವ್ವನಿಗೆ ಫೋನು ಹಚ್ಚಿ, "ಅಕ್ಕಾ, ನಾನಽ ಗಾಡಿ ಹೊಡಕೊಂಡು ನಿನ್ನ ಬಾಗಲಿಗೆ ಬರ್ತೇನಿ," ಎಂದಳು. ಆ ಕಾರಿನಿಂದ ಆಕೆಗೆ ಬೇಕಾದದ್ದು ಇಷ್ಟೇ.

ಬಾಳೇಶ ಕೀಲಿ ಕೊಡಲಿಲ್ಲ.

"ಹಳಿಯಾಳ ರೋಡಿನಾಗ ಎರಡೂ ಕಡೆ ಬಿದಿರು ಐತಿ. ಒಂದು ಗೀರು ಬಿತ್ತಂದ್ರ ಬಣ್ಣ ಹೋತು. ಬಣ್ಣದ ಮ್ಯಾಲ ಹಚ್ಚೂ ಫಿಲಂ ಬಂದೈತಂತ, ಕಣ್ಣಿಗೂ ಕಾಣೂದಿಲ್ಲಂತ. ಅದನ್ನ ಹಾಕಸೂಣು. ಆಮ್ಯಾಲ ನೀನಽ ಹೊಡಿಯಂತಿ," ಎಂದ.

ಸತ್ತೆವ್ವ ಒಪ್ಪಿದಳು. ಅಲ್ಲಿಂದ ಶುರುವಾಯಿತು ನೋಡಿ ಇವನ ಆಯ್ಕೆ. ಮುಂಜಾನೆ ಎದ್ದರೆ ಮೊಬೈಲಿನಲ್ಲಿ ಫಿಲಮ್ಮಿನ ವಿಡಿಯೋ. ರಾಮನಗರಕ್ಕೆ ಹೋಗಿ ಒಂದಿಷ್ಟು ಚೂರು ತಂದ, ಯಾರದೋ ಕೈಯಲ್ಲಿ ಬೆಳಗಾವಿಯಿಂದ ಇನ್ನೊಂದಿಷ್ಟು ತರಿಸಿದ. ಅವನ್ನೆಲ್ಲ ಕಟ್ಟೆಯ ಮೇಲೆ ಹರವಿಕೊಂಡು, "ದ್ಯಾಮಣ್ಣಾ, ಇಲ್ಲಿ ಬಾ," ಎಂದು ನನ್ನನ್ನು ಕರೆಯುವುದು. ಮಳೆಗಾಲ ಮುಗಿಯಿತು, ಬನ್ನಿ ಹಬ್ಬ ಬಂತು, ಕಾರು ಮುಸುಕು ಹಾಕಿಕೊಂಡೇ ಪೂಜೆ ಮಾಡಿಸಿಕೊಂಡಿತು. ಕಲಿತದ್ದು ಮರೆಯಬಾರದೆಂದು ಸತ್ತೆವ್ವ ಚಪಾತಿ ಲಟ್ಟಿಸುವಾಗ ಎಡಗಾಲಿನಿಂದ ನೆಲ ಒತ್ತುತ್ತಿದ್ದಳು. ಕೇಳಿದರೆ, "ಕ್ಲಚ್ ರೀ," ಎಂದಳು. ನನಗೆ ನಗುವೂ ಬಂತು, ಕೆಡುಕೂ ಅನಿಸಿತು. ಮರುದಿನವೇ ಗಂಡಹೆಂಡಿರನ್ನು ಹಳಿಯಾಳಕ್ಕೆ ಹೊರಡಿಸಿ ನಾನೂ ಹಿಂದೆ ಕೂತೆ. ಬಾಳೇಶ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿದರು.

ಹಳಿಯಾಳದಲ್ಲಿ ಫಿಲಂ ಹಾಕುವ ಅಂಗಡಿ ತನ್ವೀರನದು. ಅವನು ಎರಡು ನಮೂನೆ ತಂದಿಟ್ಟ. ಬಾಳೇಶ ಮೊದಲನೆಯದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಝಾಡಿಸಿದ. ಪಟಪಟ ಅಂದಿತು. ಎರಡನೆಯದು ಉಸಿರೇ ಬಿಡದೆ ಕೈಯಿಂದ ಜೋತು ಬಿತ್ತು. ಮಿಲ್ಲಿನಲ್ಲಿ ಒಳ್ಳೆಯ ಹಾಳೆ ಸಪ್ಪಳ ಮಾಡಲೇಬೇಕು. ಮಾಡದ್ದು ಮತ್ತೆ ರುಬ್ಬಲು ಹೋಗುತ್ತದೆ.

"ಇದರಾಗ ಜೀವಾನ ಇಲ್ಲ. ಸಪ್ಪಳ ಆಗೂದನ್ನ ಹಾಕು," ಎಂದ ಬಾಳೇಶ.

"ಕಾಕಾ, ಅದು ಬಿಸಿಲಿಗೆ ಹಳದಿ ಆಗತೈತಿ, ಸೀಳತೈತಿ."

"ಜನ್ಮಪೂರ್ತಿ ಹಾಳಿ ಮುಟ್ಟೇನಿ ನಾ."

"ಇದು ಹಾಳಿ ಅಲ್ಲ ಕಾಕಾ," ಎಂದು ತನ್ವೀರ ಒಂದು ಹಳೇ ಹೆಲ್ಮೆಟ್ ತಂದು ಅರ್ಧಕ್ಕೆ ಅದನ್ನು, ಅರ್ಧಕ್ಕೆ ಇದನ್ನು ಹಚ್ಚಿದ. ಸಪ್ಪಳದ್ದು ಗುಂಡಗಿದ್ದಲ್ಲಿ ನೆರಿಗೆಗಟ್ಟಿ ಎದ್ದು ಕೂತಿತು. ಮೆತ್ತಗಿನದು ಎಳೆದಂತೆಲ್ಲ ಹಿಗ್ಗಿ, ಹೂರಣದ ಮೇಲಿನ ಕಣಕದಂತೆ ಕೂಡಿಕೊಂಡಿತು. ಅದರ ಮೇಲೆ ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ ಗೀರು ಮಾಡಿ, ಬಿಸಿನೀರು ಸುರಿದ. ಬಿಸಿ ತಾಗಿದ್ದೇ ಗೀರು ಮಾಯವಾಯಿತು. ಬಾಳೇಶ ಬೆರಳಾಡಿಸಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ, ಕಡೆಗೆ ಬಾಯಿ ಮುಚ್ಚಿಕೊಂಡು ಹೂಂ ಅಂದ.

ಫಿಲಂ ಹಾಕಿದ ಕಾರನ್ನು ತರಲು ಮತ್ತೆ ಮೂವರೂ ಹೋದೆವು. ಕೆಂಪು ಬಣ್ಣ ಈಗಷ್ಟೇ ಮಿಂದಂತೆ ಹೊಳೆಯುತ್ತಿತ್ತು. ಸತ್ತೆವ್ವ ಕೀಲಿಗೆ ಕೈ ಚಾಚಿದಳು. ಬಾಳೇಶ ಕೀಲಿಯನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ತನ್ವೀರನನ್ನು ಕೇಳಿದ: "ಈ ಫಿಲಂ ಕೆಡಬಾರದಂತ ಅದರ ಮ್ಯಾಲ ಹಾಕೂದು ಏನರ ಐತೇನು?"

ತನ್ವೀರ ನನ್ನ ಮುಖ ನೋಡಿದ. ಸತ್ತೆವ್ವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಿಮಗ ಹೆದರಿಕಿ ಬಿದಿರಿಂದಲ್ಲ, ನಂದು. ಮೊದಲಽ ಹೇಳಿದ್ರ ನಾ ಅಕ್ಕಗ ಮಾತು ಕೊಡತಿದ್ದಿಲ್ಲ. ನೀವು ಅದನ್ನ ಸುತ್ತಿ ಇಟಗೋರಿ, ನಾ ಬಸ್ಸಿಗೆ ಹೋಗ್ತೇನಿ," ಎಂದವಳೇ ಸ್ಟ್ಯಾಂಡಿನ ಕಡೆ ನಡೆದಳು.

ಬೈಯಲೆಂದು ನಾನು ಬಾಯಿ ತೆರೆಯುವುದರೊಳಗೆ ಬಾಳೇಶ ಆಕೆಯ ಹಿಂದೆ ಓಡಿದ್ದ. ದಾರಿಯಲ್ಲಿ ಕಳಚಿದ ಚಪ್ಪಲಿಯನ್ನೂ ತಿರುಗಿ ನೋಡಲಿಲ್ಲ. ಅಲ್ಲಿ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಮರಳಿ ಬಂದಾಗ ಕೀಲಿ ಆಕೆಯ ಕೈಯಲ್ಲಿತ್ತು, ಇವನ ಕೈಯಲ್ಲಿ ಚಪ್ಪಲಿಯಿತ್ತು.

ಸತ್ತೆವ್ವ ಚೆನ್ನಾಗಿಯೇ ಓಡಿಸಿದಳು. ಶೋರೂಮಿನ ಪ್ಲಾಸ್ಟಿಕ್ ಇನ್ನೂ ಸೀಟಿನ ಮೇಲಿದ್ದುದರಿಂದ ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರಿ, ಸೀರೆ ಸರಿಪಡಿಸಿಕೊಂಡು ಹಿಂದೆ ಸರಿಯುತ್ತಿದ್ದಳು. ಕಾಡಿನ ತಿರುವಿನಲ್ಲಿ ಕಟ್ಟಿಗೆ ಲಾರಿ ಎದುರಾಯಿತು. ಆಕೆ ಎಡಕ್ಕೆ ಸರಿದು ಹಾದಿ ಬಿಟ್ಟಳು. ಬಿದಿರಿನ ಕೊನೆಯೊಂದು ಬಾಳೇಶ ಕೂತ ಕಡೆಯ ಬಾಗಿಲನ್ನು ಕರ್ರೆಂದು ಕೆರೆಯಿತು.

ಕಾರು ನಿಂತಿತು. "ಬಿತ್ತು," ಎಂದಳು ಸತ್ತೆವ್ವ, ಸ್ಟೇರಿಂಗ್ ಬಿಡದೆ.

ಬಾಳೇಶ ಇಳಿದು ನೋಡಿದ. ಬಾಗಿಲಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಕತೆ ಮುಗಿಯಿತು ಅಂದುಕೊಂಡೆ. ಅವನು ಬಂದು ಕೂತು, "ಇಲ್ಲಿ ನೆರಳೈತಿ. ಮುಂದ ಬಿಸಿಲಾಗ ನಿಲ್ಲಸು," ಎಂದ.

ಬಿಸಿಲಿಗೆ ಕಾರು ಕಾಯಿಸಿ, ಮೋರಿಯ ಮೇಲೆ ಕೂತು ಶೇಂಗಾ ತಿಂದೆವು. ಗೆರೆ ಸಣ್ಣಗಾಗುತ್ತ ಹೋಯಿತು. ಹಿಡಿಕೆಯ ಹತ್ತಿರ ಮಾತ್ರ ಚೂರು ಉಳಿಯಿತು.

"ಇಷ್ಟು ಹೋಗಲಿಲ್ಲ," ಎಂದಳು ಆಕೆ.

"ಇರಲಿ ಬಿಡು. ಲಾರಿಗೆ ಹಾದಿ ಛಲೋ ಬಿಟ್ಟಿ. ನಾ ಆಗಿದ್ರ ಗಾಬರ್ಯಾಗಿ ನಡುವಽ ನಿಲ್ಲಸತಿದ್ದೆ," ಎಂದ ಬಾಳೇಶ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ, ನಿಜಕ್ಕೂ ಖುಷಿಯಾಯಿತು.

ಆ ರವಿವಾರ ಅವರು ಮುಂಡಗೋಡಕ್ಕೆ ಹೊರಟರು. ಬುತ್ತಿ ಕೊಡಲು ಕಿಟಕಿಯಲ್ಲಿ ಬಗ್ಗಿದರೆ, ಡ್ರೈವರ್ ಸೀಟಿನ ಪ್ಲಾಸ್ಟಿಕ್ ಇರಲಿಲ್ಲ.

"ಯಾರು ಕಿತ್ತಿದ್ದು?" ಎಂದೆ.

"ಬ್ರೇಕ್ ಹಾಕಿದ್ರ ಜಾರತಾಳ," ಎಂದ ಬಾಳೇಶ, ನನ್ನ ಕಡೆ ನೋಡದೆ. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಸೀಟಿನಲ್ಲಿ ಸರಿದು ಕೂತ. ಅವನ ಸೀಟಿನ ಪ್ಲಾಸ್ಟಿಕ್ ಪಟಪಟ ಅಂದಿತು.