ಎರಡು ನಿಮಿಷದ ಲಸಿಕೆ

ಕೊರೊನಾ ಲಸಿಕೆ ಬಂದ ಹೊಸತರಲ್ಲಿ ನಾನು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಆನಿಮೇಶನ್ ಮಾಡುತ್ತಿದ್ದೆ. ನನ್ನ ಅಣ್ಣ ಮಸ್ಕತ್ತಿನಿಂದ ಬಹಳ ದೂರದ ದುಕ್ಮ್‌ನ ಲೇಬರ್ ಕ್ಯಾಂಪಿನಲ್ಲಿದ್ದ. ಅಲ್ಲಿ ಪೈಪ್ ಕೆಲಸದ ಫೋರ್‌ಮನ್. ಸಕ್ಕರೆ ಕಾಯಿಲೆ ಬೇರೆ. ಅವನ ಪಕ್ಕದ ಕೋಣೆಯಿಂದ ಜ್ವರವೆಂದು ಆಸ್ಪತ್ರೆಗೆ ಹೋದವರೊಬ್ಬರು ಮರಳಿ ಬಂದಿರಲಿಲ್ಲ. ಆದರೂ ಅಣ್ಣ ಲಸಿಕೆ ಬೇಡವೆಂದು ಹಟ ಹಿಡಿದು ಕೂತಿದ್ದ. ವರ್ಷಗಟ್ಟಲೆ ಹಿಡಿಯುವ ಕೆಲಸವನ್ನು ಇಷ್ಟು ಬೇಗ ಮುಗಿಸಿದ್ದಾರೆಂದರೆ ಎಲ್ಲೋ ಕಳ್ಳಾಟ ಇರಲೇಬೇಕು ಎಂಬುದು ಅವನ ವಾದ.

ಅಷ್ಟರಲ್ಲಿ ಅವನ ಕಂಪೆನಿಯಿಂದಲೇ ನಮ್ಮ ಸ್ಟುಡಿಯೋಗೆ ಕೆಲಸ ಬಂತು. ಲಸಿಕೆ ಹೇಗೆ ತಯಾರಾಯಿತೆಂದು ಕ್ಯಾಂಪಿನವರಿಗೆ ತಿಳಿಸುವ ಒಂದು ಕಾರ್ಟೂನ್ ಚಿತ್ರ ಬೇಕಿತ್ತು. ನಾನು ಅದನ್ನು ಅಣ್ಣನಿಗೆಂದೇ ಮಾಡಿದೆ. ಪರೀಕ್ಷೆಯ ಯಾವ ಹಂತವನ್ನೂ ಬಿಟ್ಟಿಲ್ಲ, ನಡುವೆ ಸುಮ್ಮನೆ ಕಾಯುವ ಹೊತ್ತನ್ನಷ್ಟೇ ಕಡಿಮೆ ಮಾಡಿದ್ದಾರೆ ಎಂದು ತೋರಿಸಲು ಹಿಂದೆಲ್ಲ ಅನುಮತಿಗೆ ಕಾದು ಮೇಜಿನ ಮೇಲೆ ಧೂಳು ತಿನ್ನುತ್ತಿದ್ದ ಫೈಲುಗಳನ್ನು ಬಿಡಿಸಿದೆ. ತೋಳು ಚಾಚಿ ನಿಂತ ಸ್ವಯಂಸೇವಕರ ಉದ್ದನೆಯ ಸಾಲನ್ನು ಬಿಡಿಸಿದೆ. ಎಷ್ಟೊಂದು ಜನರ ಮೇಲೆ ಪರೀಕ್ಷಿಸಿದರೆಂದು ಕಾಣಲು ಆ ಸಾಲು ನಿಧಾನವಾಗಿಯೇ ಸಾಗಬೇಕಿತ್ತು, ಅದೇ ಅದರ ಜೀವ.

ಕಂಪೆನಿಯ ಮ್ಯಾನೇಜರ್ ನೋಡುತ್ತ ನೋಡುತ್ತ ಆಕಳಿಸಿದರು. "ಪಾಠ ಮಾಡ್ತಿದ್ದೀರಾ ಮೇಡಂ? ಎರಡು ನಿಮಿಷಕ್ಕಿಂತ ಜಾಸ್ತಿ ಕ್ಯಾಂಪಿನವರು ನೋಡೋದಿಲ್ಲ. ಕ್ಯಾಲೆಂಡರಿನ ಹಾಳೆ ಹಾರಿಸಿ, ಇಂಜೆಕ್ಷನ್ ತೋರಿಸಿ, ಖಲಾಸ್" ಎಂದು ಹಿಂದಿಯಲ್ಲಿ ಹೇಳಿದರು. ನಾನು ವಾದಕ್ಕಿಳಿದೆ. ನಮ್ಮ ಬಾಸ್ ಮೇಜಿನಡಿ ನನ್ನ ಕಾಲು ತುಳಿದರು. ಸಾಲೂ ಹೋಯಿತು, ಫೈಲುಗಳೂ ಹೋದವು. ನನಗೆ ಮೈಯೆಲ್ಲ ಉರಿಯಿತು.

ಚಿತ್ರವನ್ನು ಕ್ಯಾಂಪಿನ ಮೆಸ್ಸಿನಲ್ಲಿ ಊಟದ ಹೊತ್ತಿಗೆ ಹಾಕಿದರು. ತಂಗಿ ಮಾಡಿದ್ದೆಂದು ಅಣ್ಣ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದ. ಅಂದೇ ಅಣ್ಣನ ಫೋನ್.

"ಎಂತ ಮಾರಾಯ್ತಿ, ನಾನು ಹೇಳಿದ್ದನ್ನೇ ನೀನು ತೋರ್ಸಿದ್ದಿ ಅಲ್ವಾ? ಕ್ಯಾಲೆಂಡರ್ ಟಪಟಪ ಹಾರ್ತದೆ, ಇಂಜೆಕ್ಷನ್ ರೆಡಿ! ಇಲ್ಲಿ ಎಲ್ಲರೂ ಅದನ್ನೇ ಹೇಳಿ ನಗಾಡ್ತಿದ್ದಾರೆ. ಬುಧವಾರ ಲಸಿಕೆಗೆ ಬಸ್ಸು ಬರ್ತದಂತೆ. ನಾನಂತೂ ಹತ್ತುದಿಲ್ಲ."

ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆನಿಸಿತು. ಆ ಮ್ಯಾನೇಜರಿಗೆ, ಅವರ ಎರಡು ನಿಮಿಷಕ್ಕೆ, ಕಾಲು ತುಳಿದ ಬಾಸಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಕೊನೆಗೆ ಅಣ್ಣನನ್ನೇ ಕೇಳಿದೆ.

"ನಿನ್ನ ಸೈಟಿನಲ್ಲಿ ಪೈಪಿನವರು ಮುಗಿಸಿದ ಮೇಲೆಯೇ ಕರೆಂಟಿನವರು ಬರುದಾ?"

"ಇಲ್ಲಪ್ಪ. ಎಲ್ಲ ಒಟ್ಟಿಗೇ ನಡೀತದೆ. ಇಲ್ಲದಿದ್ರೆ ಯಾವಾಗ ಮುಗಿಯುದು?"

"ಹಾಗಂತ ವೆಲ್ಡಿಂಗ್ ಟೆಸ್ಟ್ ಮಾಡದೆ ಬಿಡ್ತೀಯಾ?"

"ಎಂತ ಮಾತಾಡ್ತಿ? ಬಿಟ್ರೆ ಲೈನ್ ಒಡೆದು ಜನ ಸಾಯ್ತಾರೆ."

"ಲಸಿಕೆಯೂ ಅಷ್ಟೇ ಅಣ್ಣ. ಟೆಸ್ಟ್ ಬಿಡ್ಲಿಲ್ಲ. ಕೆಲಸ ಒಟ್ಟಿಗೆ ಮಾಡಿದ್ರು."

"ಆಯ್ತು, ನೋಡುವಾ" ಎಂದು ಅವನು ಫೋನಿಟ್ಟ.

ಬುಧವಾರ ಸಂಜೆ ಫೋಟೋ ಕಳಿಸಿದ. ಅಂಗಿಯ ತೋಳು ಮೇಲೆ ಸರಿಸಿಕೊಂಡು ಬಸ್ಸಿನಲ್ಲಿ ಕೂತಿದ್ದಾನೆ, ತೋಳಿನಲ್ಲಿ ಹತ್ತಿಯ ತುಂಡು. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದರೆ ಅವನ ಹಿಂದಿನ ಸೀಟುಗಳೆಲ್ಲ ಖಾಲಿ.

ಕೂಡಲೇ ಫೋನ್ ಮಾಡಿದೆ. "ನಿನ್ನ ಕೋಣೆಯವರು ಎಲ್ಲಿ? ವೆಲ್ಡಿಂಗ್ ವಿಷಯ ಅವರಿಗೆ ಹೇಳ್ಲಿಲ್ವಾ?"

"ಹೇಳಿದೆ. ಒಬ್ಬೊಬ್ಬರನ್ನೂ ಕೂರಿಸಿ ಹೇಳಿದೆ."

"ಮತ್ತೆ?"

"ನಿನ್ನ ತಂಗಿ ನಿಂಗೆ ಹೇಳಿದ್ದು ಒಂದು, ನಮಗೆ ತೋರ್ಸಿದ್ದು ಇನ್ನೊಂದು ಅಂತಾರೆ. ನಾನು ಎಂತ ಹೇಳ್ಲಿ ಅವರಿಗೆ?"